ಮಿಲಿಂದನ ಕೈ

ನನ್ನ ಹೆಸರು ದೂರದೂರದ ದೇಶಗಳಿಗೆ ತಲುಪಿದ್ದು ಒಂದೇ ಒಂದು ಪ್ರಬಂಧದಿಂದ — ಅದರಲ್ಲಿ ನಾನು ಬರೆದದ್ದು ನಿಜವಲ್ಲ. ಅದು ನಿಜವಲ್ಲವೆಂದು, ತನಗೇ ಗೊತ್ತಿಲ್ಲದೆ, ತೋರಿಸಿಕೊಟ್ಟ ಹುಡುಗನೊಬ್ಬನಿದ್ದ. ಅವನನ್ನು ನನ್ನ ಕೋಣೆಗೆ ಕರೆದು, ಎದುರಿಗೆ ಕೂಡಿಸಿಕೊಂಡು, ಮೆತ್ತಗಿನ ದನಿಯಲ್ಲಿ, ತಪ್ಪು ನಿನ್ನ ಕೈಯಲ್ಲಿದೆ ಎಂದು ಹೇಳಿದೆ. ಅವನು ನಂಬಿದ.

ಇಷ್ಟೇ. ಯಾರದನ್ನೂ ಕದಿಯಲಿಲ್ಲ, ಯಾರನ್ನೂ ಹೊಡೆಯಲಿಲ್ಲ — ಒಂದು ಮಾತು ಆಡಿದೆ. ಆದರೆ ಆ ಮಾತು ಕೇಳಿ ಅವನು ತನ್ನ ಬದುಕನ್ನೇ ಬೇರೆ ಕಡೆಗೆ ತಿರುಗಿಸಿಕೊಂಡ. ನಾನು ನನ್ನದನ್ನು ಇದ್ದಲ್ಲೇ ಭದ್ರಮಾಡಿಕೊಂಡೆ.

ಕ್ಷಮೆ ಸಿಗಲೆಂದು ಇದನ್ನು ಬರೆಯುತ್ತಿಲ್ಲ. ಕ್ಷಮಿಸುವುದು ಓದುವವರ ಕೈಯಲ್ಲಿಲ್ಲ. ಆದರೆ ನಿಮ್ಮಲ್ಲಿ ಕೆಲವರು ನನ್ನ ಸನ್ಮಾನಕ್ಕೆ ಬಂದು ಚಪ್ಪಾಳೆ ತಟ್ಟಿದವರಿದ್ದೀರಿ. ಯಾವುದಕ್ಕೆ ತಟ್ಟಿದಿರಿ ಎಂಬುದು ನಿಮಗೆ ಗೊತ್ತಾಗಬೇಕು.

ನಾನು ಮಿದುಳಿನ ವಿಜ್ಞಾನಿ. ಧಾರವಾಡದಲ್ಲೇ ಹುಟ್ಟಿ ಬೆಳೆದು, ಇಲ್ಲಿಯ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡಿ, ಅಲ್ಲೇ ಪಾಠ ಹೇಳಿ, ಅಲ್ಲಿಂದಲೇ ನಿವೃತ್ತಳಾದವಳು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ತಪ್ಪು ಆ ಗೋಡೆಗಳದ್ದಲ್ಲ. ನಮ್ಮ ತಂದೆ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ, ನೀನು ಶಾಣ್ಯಾಕಿ, ಬುದ್ಧಿವಂತೆ ಎಂದು ಹೇಳುವವರಿಗಂತೂ ಇರಲೇ ಇಲ್ಲ. ಆ ಮಾತು ಕೇಳಿ ಕೇಳಿ ಬೆಳೆದವಳಿಗೆ ಅದನ್ನು ಕಳೆದುಕೊಳ್ಳುವ ಭಯವೂ ಜೊತೆಗೇ ಬೆಳೆದಿತ್ತೆಂದು ತೋರುತ್ತದೆ.

ನಾನು ಓದಿದ್ದು ನೆನಪಿನ ಬಗ್ಗೆ. ನಮ್ಮ ಪ್ರಯೋಗವನ್ನು ಸರಳವಾಗಿ ಹೇಳುತ್ತೇನೆ. ದುಂಡನೆಯ ದೊಡ್ಡ ತೊಟ್ಟಿ. ಅದರ ನೀರಿಗೆ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡುತ್ತೇವೆ. ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಒಂದು ಕಡೆ, ಇಲಿ ನಿಲ್ಲುವಷ್ಟು ಪುಟ್ಟ ಕಟ್ಟೆ. ಕಣ್ಣಿಗೆ ಕಾಣುವುದಿಲ್ಲ. ಇಲಿಯನ್ನು ನೀರಿಗೆ ಬಿಟ್ಟರೆ ಅದು ಈಜಾಡಿ ಈಜಾಡಿ ಆ ಕಟ್ಟೆಯನ್ನು ಹುಡುಕಿಕೊಳ್ಳುತ್ತದೆ, ಕೆಲವು ದಿನಗಳಲ್ಲಿ ದಾರಿಯನ್ನು ನೆನಪಿಟ್ಟುಕೊಂಡು ನೇರವಾಗಿ ಅಲ್ಲಿಗೇ ಹೋಗುತ್ತದೆ. ಆಮೇಲೆ ಅದರ ಮಿದುಳಿನಲ್ಲಿ, ನೆನಪು ಕೂಡಿಡುವ ಭಾಗಕ್ಕೆ, ಸಣ್ಣದೊಂದು ಗಾಯ ಮಾಡುತ್ತೇವೆ. ದಾರಿ ಮರೆತುಹೋಗುತ್ತದೆ. ಕಳೆದುಹೋದ ಆ ದಾರಿ ಮತ್ತೆ ಬರುತ್ತದೆಯೇ — ಇದು ನನ್ನ ಪ್ರಶ್ನೆ.

ಗಾಯಗೊಂಡ ಇಲಿಗಳನ್ನು ಎರಡು ಗುಂಪು ಮಾಡಿದೆ. ಒಂದು ಗುಂಪಿಗೆ ದೊಡ್ಡ ಪಂಜರ; ಒಳಗೆ ಏಣಿ, ಕೊಳವೆ, ಜೊತೆಗಾರರು, ದಿನವೂ ಹೊಸದೇನಾದರೂ. ಇನ್ನೊಂದಕ್ಕೆ ಬರಿಯ ಪಂಜರ, ಒಂಟಿ ವಾಸ. ಆಗ ನನಗೆ ಇನ್ನೂ ಸಣ್ಣ ವಯಸ್ಸು. ಸಂಶೋಧನೆಯ ಅವಧಿ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ನಳ ಬರುವ ದಿನ ನೋಡಿಕೊಂಡು ತೊಟ್ಟಿ ತುಂಬಿಸಬೇಕು. ಹಾಗೆ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ಬೇಸತ್ತಿದ್ದೆ. ಅಷ್ಟರಲ್ಲಿ ಬರಿಯ ಪಂಜರದ ಇಲಿಗಳು ಸೀನತೊಡಗಿದವು. ಮೂಗಿನ ಸುತ್ತ, ಕಣ್ಣಿನ ಅಂಚಿನಲ್ಲಿ ಕೆಂಪು ಕಲೆ. ಇಲಿಗಳಿಗೆ ಸೋಂಕು ತಗುಲಿದರೆ ಹಾಗಾಗುತ್ತದೆ — ಇದು ಈ ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ಕಲಿಯುವ ಸಂಗತಿ. ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ.

ಕಾಯಿಲೆ ಬಿದ್ದ ಇಲಿ ಮೆಲ್ಲಗೆ ಈಜುತ್ತದೆ. ಕಟ್ಟೆ ತಲುಪುವುದು ತಡವಾಗುತ್ತದೆ. ನೋಡುವವರಿಗೆ ಅದು ದಾರಿ ಮರೆತಂತೆ ಕಾಣುತ್ತದೆ. ದೊಡ್ಡ ಪಂಜರದ ಗಟ್ಟಿಮುಟ್ಟಾದ ಇಲಿಗಳು ಬೇಗ ತಲುಪಿದವು. ದಾರಿ ನೆನಪಾದಂತೆ ಕಂಡವು. ಎರಡರ ನಡುವೆ ಎಂಥ ಅಂತರ! ನಾನು ವರ್ಷಗಟ್ಟಲೆ ಕಾದಿದ್ದ ಅಂತರ.

ಎಲ್ಲವನ್ನೂ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ಅದರ ಬದಲು — ನನ್ನ ಸಂಶೋಧನೆಯ ಗೈಡ್ ನೋಡಲು ಬರುತ್ತಾರೆಂದು ತಿಳಿದ ದಿನ ಬೆಳಿಗ್ಗೆ, ಹತ್ತಿಯನ್ನು ನೀರಿನಲ್ಲಿ ಅದ್ದಿ, ಒಂದೊಂದೇ ಇಲಿಯನ್ನು ಹಿಡಿದು, ಮೂಗಿನ ಕೆಂಪು ಒರೆಸಿದೆ. ಕಣ್ಣಿನ ಅಂಚು ಒರೆಸಿದೆ. ಗೈಡ್ ಬಂದರು, ಪಂಜರಗಳ ಮುಂದೆ ಹಾದುಹೋದರು, "ಛಲೋ ಆಗೇದ, ಲಗೂನ ಬರದು ಕಳಸು" ಅಂದರು. ಕಳಿಸಿದೆ.

ಸೋಂಕಿನ ವಿಷಯ ಪ್ರಬಂಧದಲ್ಲಿ ಒಂದು ಸಾಲೂ ಇಲ್ಲ. ಕಳೆದುಹೋದ ನೆನಪು ಮರಳಿ ಬರುತ್ತದೆ ಎಂದು ಬರೆದೆ.

ಅದು ಅಚ್ಚಾದ ಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸಿದರೆ ಅದನ್ನು ಉಲ್ಲೇಖ ಎನ್ನುತ್ತೇವೆ, ಸೈಟೇಶನ್. ವಿಜ್ಞಾನಿಯ ತೂಕ ನೋಡುವುದೇ ಅದರಿಂದ. ನನ್ನ ಪ್ರಬಂಧಕ್ಕೆ ಉಲ್ಲೇಖಗಳು ಬರತೊಡಗಿದವು. ಮೊದಲು ಒಂದೊಂದಾಗಿ, ಆಮೇಲೆ ಗುಂಪಾಗಿ. ಜನರಿಗೆ ಆ ಮಾತು ಬೇಕಾಗಿತ್ತು. ಮರೆತವರು ಮತ್ತೆ ನೆನೆಯುತ್ತಾರೆ ಎಂಬ ಮಾತು ಯಾರಿಗೆ ಬೇಡ? ಬೆಳಗಿನ ಚಹಾ ಕುಡಿಯುತ್ತ ಆ ಸಂಖ್ಯೆ ಎಷ್ಟಾಗಿದೆ ಎಂದು ನೋಡುವುದು ನನಗೆ ರೂಢಿಯಾಯಿತು. ಆಮೇಲೆ ನಾನು ಮಾಡಿದ ಕೆಲಸವೆಲ್ಲ ಶುದ್ಧ, ಪ್ರಾಮಾಣಿಕ — ಇದನ್ನು ನಂಬಿ, ಅಥವಾ ಬಿಡಿ. ಎಷ್ಟೋ ಪ್ರಬಂಧಗಳನ್ನು ಬರೆದೆ. ಅವನ್ನು ಓದಿದವರು ಬೆರಳೆಣಿಕೆಯಷ್ಟು ಜನ. ಬಡ್ತಿ, ಪ್ರಶಸ್ತಿ, ಸಮಿತಿಗಳಲ್ಲಿ ಸ್ಥಾನ, ಎಲ್ಲವೂ ಆ ಮೊದಲಿನದರಿಂದಲೇ ಬಂದವು. ನನ್ನ ಖರೇ ಕೆಲಸವೆಲ್ಲ ಅದರ ನೆರಳಿನಲ್ಲಿ ಬದುಕಿತು.

ಮಿಲಿಂದ ನನ್ನ ಬಳಿ ಪಿಎಚ್‌ಡಿಗೆ ಬಂದದ್ದು ಆ ದಿನಗಳಲ್ಲಿ.

ಇಲ್ಲೇ ಊರಂಚಿನ ಲಕಮನಹಳ್ಳಿಯ ಹುಡುಗ. ತಂದೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಇವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಶಾಂತಾಬಾಯಿ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಊರೆಲ್ಲ ಅವರನ್ನು ಶಾಂತಾ ಅಕ್ಕೋರು ಎಂದೇ ಕರೆಯುತ್ತಿತ್ತು. ಅವರ ತಾಯಿತಂದೆಯ ಕಾಲದಲ್ಲೇ ಮನೆಯವರು ಬೌದ್ಧರಾದವರು. ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿ ಇಷ್ಟು ಮೇಲೆ ಬಂದವನು ಮಿಲಿಂದನೇ ಮೊದಲಿಗ.

ಅವನ ಕೈ. ಅದರ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಹೊಸಬರು ಇಲಿ ಹಿಡಿಯಲು ಹೋದರೆ ಕಚ್ಚಿಸಿಕೊಳ್ಳುತ್ತಾರೆ. ಹೆದರಿದ ಕೈಯನ್ನು ಇಲಿ ಬೇಗ ಗುರುತಿಸುತ್ತದೆ. ಮಿಲಿಂದ ಮೊದಲ ದಿನವೇ ಪಂಜರದೊಳಗೆ ಅಂಗೈ ಚಾಚಿ ಸುಮ್ಮನೆ ಇಟ್ಟುಕೊಂಡು ನಿಂತ. ಇಲಿ ತಾನೇ ಬಂದು ಹತ್ತಿ ಕೂತಿತು. ಆಮೇಲೆ ಆಮೇಲೆ ಅವು ಅವನ ಏಪ್ರನ್ನಿನ ತೋಳಿನೊಳಗೆ ನುಗ್ಗುತ್ತಿದ್ದವು, ಅಂಗೈಯಲ್ಲಿ ಮುದುಡಿ ನಿದ್ದೆ ಹೋಗುತ್ತಿದ್ದವು. ಇಂಜೆಕ್ಷನ್ ಮಾಡುವುದಿದ್ದರೆ ಬೇರೆ ವಿಭಾಗದವರೂ ಅವನನ್ನೇ ಕರೆಯುತ್ತಿದ್ದರು. ಅಂಥ ಕೈಯನ್ನು ನಾನು ನನ್ನ ಇಡೀ ವೃತ್ತಿಯಲ್ಲಿ ಮತ್ತೊಂದು ಕಾಣಲಿಲ್ಲ.

ನನ್ನ ಆ ಪ್ರಯೋಗವನ್ನೇ ಮುಂದುವರಿಸುವುದು ಅವನ ಕೆಲಸ. ಮುಂದುವರಿಸುವ ಮೊದಲು ಹಳೆಯದನ್ನು ಒಮ್ಮೆ ಹಾಗೆಯೇ ಮಾಡಿ ನೋಡಬೇಕು, ಅದು ಪದ್ಧತಿ. ಮಾಡಿದ. ಎರಡೂ ಗುಂಪಿನ ಇಲಿಗಳು ಒಂದೇ ತರಹ ಈಜಿದವು. ಯಾವುದಕ್ಕೂ ಹಳೆಯ ದಾರಿ ನೆನಪಾಗಲಿಲ್ಲ. ಎರಡೂ ಹೊಸದಾಗಿ ಕಲಿತವು, ಒಂದರಷ್ಟೇ ಇನ್ನೊಂದು. ಅವನು ನಗುತ್ತಲೇ ಬಂದ. "ಎಲ್ಲೋ ತಪ್ಪು ಮಾಡೇನಿ ಕಾಣ್ತೈತ್ರಿ ಮೇಡಂ, ಇನ್ನೊಮ್ಮೆ ಮಾಡ್ತೇನ್ರಿ." ಎರಡನೆಯ ಸಲವೂ ಅದೇ. ಆಗ ನಗಲಿಲ್ಲ. ಮೂರನೆಯ ಸಲ ಹಬ್ಬ, ರವಿವಾರ ಏನೂ ನೋಡದೆ ಪಂಜರಗಳ ಪಕ್ಕದಲ್ಲೇ ಇದ್ದು, ಪ್ರತಿಯೊಂದನ್ನೂ ನನ್ನ ಪ್ರಬಂಧದಲ್ಲಿ ಬರೆದ ಹಾಗೆಯೇ ಮಾಡಿದ. ಅದೇ ಬಂತು.

ನನಗೆ ಗೊತ್ತಿತ್ತು. ಮೊದಲ ಸಲವೇ ಗೊತ್ತಾಗಿತ್ತು — ಅಷ್ಟು ವರ್ಷ ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದ ಆ ಒದ್ದೆ ಹತ್ತಿ, ಆ ಕೆಂಪು, ಎಲ್ಲ ಒಮ್ಮೆಲೇ ಕಣ್ಣೆದುರಿಗೆ ಬಂತು. ಆದರೂ ಎರಡನೆಯ ಸಲ ಮಾಡಲು ಬಿಟ್ಟೆ. ಮೂರನೆಯ ಸಲವೂ ಬಿಟ್ಟೆ. ಏನಾದರೂ ಆಗಿ ಅವನಿಗೆ ನನ್ನದೇ ಫಲಿತಾಂಶ ಬಂದೀತು ಎಂಬ ಆಸೆಯೋ ಏನೋ.

ಮಧ್ಯಾಹ್ನದ ಹೊತ್ತು. ನನ್ನ ಕೋಣೆ. ಅವನು ಬಹಳ ಯೋಚಿಸಿ ಬಂದಿದ್ದ. ಕುರ್ಚಿಯ ಅಂಚಿನಲ್ಲಿ ಕೂತು, ನನಗೆ ಎಲ್ಲಿ ನೋವಾದೀತೋ ಎಂಬ ಹಾಗೆ ಕೇಳಿದ:

"ಮೇಡಂ, ಒಂದು ಮಾತು ಕೇಳ್ಲೇನ್ರಿ? ಆಗ ನಿಮ್ಮ ಇಲಿಗೋಳಿಗೆ ಏನರ ಆರಾಮ ಇದ್ದಿದ್ದಿಲ್ಲೇನ್ರಿ? ಜಡ್ಡಿನ ಇಲಿ ಮೆಲ್ಲಕ ಈಜತಾವಲ್ರಿ — ಅದಕ್ಕ ಕೇಳಿದೆ."

ಆ ಪ್ರಶ್ನೆಗೆ ಹೌದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಎದುರಿಗೆ ಕೂತವನು ನನ್ನ ವಿದ್ಯಾರ್ಥಿ. ನನ್ನ ಬಗ್ಗೆ ಅವನಿಗೆ ಇದ್ದ ಗೌರವಕ್ಕೆ ಅವನು ಅದನ್ನು ಬಯಲು ಮಾಡುತ್ತಲೂ ಇರಲಿಲ್ಲ. ಆ ವಾರ ಒಂದು ದೊಡ್ಡ ಆಯ್ಕೆ ಸಮಿತಿಯ ಮುಂದೆ ನನ್ನ ಹೆಸರಿತ್ತು — ಇದನ್ನು ಕಾರಣವೆಂದು ಹೇಳುತ್ತಿಲ್ಲ. ಸಮಿತಿ ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

"ಇಲ್ಲ," ಅಂದೆ. "ಅವಕ್ಕೇನೂ ಆಗಿದ್ದಿಲ್ಲ. ಮಿಲಿಂದ, ಖರೇ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ಕೈಗೆ ಇಲಿ ಅಂಜತಾವ."

ಅವನು ತನ್ನ ಕೈ ನೋಡಿಕೊಂಡ. ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ನನಗ ತಿಳೀಲೇ ಇಲ್ಲಲ್ರಿ," ಅಂದ.

"ಹೊರಗ ಕಾಣೂದಿಲ್ಲ ಅದು. ಒಳಗ ಅಂಜಿರತಾವ. ಅಂಜಿದ ಇಲಿಗೆ ಏನೂ ನೆನಪಾಗೂದಿಲ್ಲ."

ವಿಜ್ಞಾನದ ಮಾತಿನಂತೆಯೇ ಇತ್ತು ನೋಡಿ. ಅದಕ್ಕೇ ಅವನಿಗೆ ಎದುರಾಡಲು ಏನೂ ಉಳಿಯಲಿಲ್ಲ. ಬೇರೆ ಯಾರಿಗಾದರೂ ನಾನು ಆ ಮಾತು ಹೇಳಿದ್ದರೆ ಅವರು ಜಗಳ ತೆಗೆಯುತ್ತಿದ್ದರೋ ಏನೋ. ಅವನ ಮನೆತನದ ಹಿರಿಯರು ತಮ್ಮ ಕೈಯ ಬಗ್ಗೆ, ಮುಟ್ಟುವ ಬಗ್ಗೆ, ಎಂಥೆಂಥ ಮಾತು ಕೇಳಿಸಿಕೊಂಡು ಬಂದವರು — ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ನಾಲಿಗೆ ತಡೆಯುತ್ತಿತ್ತೇ? ಈ ಪ್ರಶ್ನೆಯನ್ನು ನಾನು ಪೂರ್ತಿ ಕೇಳಿಕೊಂಡದ್ದೇ ಇಲ್ಲ.

ಅಂದಿನಿಂದ ಅವನು ಇಲಿಗಳನ್ನು ಮುಟ್ಟುವಾಗ ಕೈ ನಡುಗತೊಡಗಿತು. ನಡುಗುವ ಕೈಗೆ ಇಲಿಗಳು ನಿಜವಾಗಿಯೂ ಅಂಜಿದವು. ಒಂದು ಕಚ್ಚಿತು. ಅವನು ಆ ಗಾಯ ನೋಡಿಕೊಂಡು ನನಗೆ ಹೇಳಿದ, "ನೀವು ಹೇಳಿದ್ದು ಖರೇ ಐತ್ರಿ ಮೇಡಂ." ಕೆಲವೇ ದಿನಗಳಲ್ಲಿ ಬಿಟ್ಟುಹೋದ.

ಆಮೇಲೆ ಒಂದು ದಿನ ಶಾಂತಾ ಅಕ್ಕೋರು ಬಂದರು. ಶಾಲೆ ಮುಗಿಸಿ ನೇರವಾಗಿ ಬಂದಿದ್ದರು. ಗಂಜಿ ಹಾಕಿದ ಸೀರೆ, ಬೆರಳಿಗೆ ಸುಣ್ಣದ ಕಡ್ಡಿಯ ಪುಡಿ. ಮಗನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಲಿಲ್ಲ. "ನನ್ನ ಮಗ ಎಲ್ಲಿ ತಪ್ಪಿದ್ನ್ರಿ? ಶಿಕ್ಷಕಿ ಇದ್ದೇನಿ, ತಿಳ್ಕೋಬೇಕು ಅನಸ್ತು. ನಾ ಏನರ ಕಲಿಸೂದು ಬಿಟ್ಟೆನೇನು ಅಂತ" ಅಂದರು. ನಾನು, "ಎಲ್ಲಾರಿಗೂ ಈ ಕೆಲಸ ಹತ್ತೂದಿಲ್ರಿ ಅಕ್ಕೋರ" ಅಂದೆ. ಚಹಾ ತರಿಸಿದೆ. ಅರ್ಧ ಕುಡಿದು ಎದ್ದರು.

ಮಿಲಿಂದ ಧಾರವಾಡದಲ್ಲೇ ಸಪ್ತಾಪುರದ ಕೋಚಿಂಗ್ ಕ್ಲಾಸೊಂದರಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದ. ಅಲ್ಲಿ ಓಣಿಗೊಂದು ಕ್ಲಾಸು, ಮನೆಗೊಂದು ಬಾಡಿಗೆ ಕೋಣೆ, ಸುತ್ತಲಿನ ಜಿಲ್ಲೆಗಳ ಹುಡುಗ ಹುಡುಗಿಯರು. ಒಳ್ಳೆಯ ಮೇಷ್ಟ್ರೆಂದು ಹೆಸರಾಯಿತು. ಮದುವೆಯಾದ, ಹೆಂಡತಿ ರೇಖಾ ಅಂಚೆ ಕಚೇರಿಯಲ್ಲಿ ಕೆಲಸದವಳು. ವರ್ಷಗಳು ಹೋದವು. ನಾನು ಮರೆತೆ ಎಂದರೆ ಸುಳ್ಳು. ಆದರೆ ಅವನು ಚೆನ್ನಾಗಿದ್ದಾನೆ, ಎಲ್ಲ ಒಳ್ಳೆಯದೇ ಆಯಿತು ಎಂದುಕೊಳ್ಳಲು ಅಭ್ಯಾಸ ಮಾಡಿಕೊಂಡೆ.

ನನ್ನ ನಿವೃತ್ತಿಯ ಸನ್ಮಾನಕ್ಕೆ ಅವನು ಬಂದಿದ್ದ. ವೇದಿಕೆಯ ಮೇಲೆ ಯಾರೋ ನನ್ನ ಉಲ್ಲೇಖಗಳ ಸಂಖ್ಯೆ ಓದಿ ಹೇಳಿದರು, ಸಭೆ ಚಪ್ಪಾಳೆ ತಟ್ಟಿತು. ಮುಗಿದ ಮೇಲೆ ಮಿಲಿಂದ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಮುಂದೆ ಬಂದ. ತಲೆಯಲ್ಲಿ ಅಲ್ಲಲ್ಲಿ ನರೆ. "ಇವರ ನೋಡ್ರಿ ನಮ್ಮ ಮೇಡಂ," ಎಂದು ಅವರಿಗೆ ಹೆಮ್ಮೆಯಿಂದ ತೋರಿಸಿದ. ಒಬ್ಬ ಹುಡುಗಿ ನಗುತ್ತ, "ಸರ್ ಕೈಗೆ ಇಲಿ ಅಂಜತಿದ್ವಂತಲ್ರಿ ಮೇಡಂ? ಕ್ಲಾಸಿನ್ಯಾಗ ಹೇಳ್ತಿರ್ತಾರ್ರಿ, ಅದಕ್ಕ ಇಲಿ ಬಿಟ್ಟು ಹುಡುಗರ ಕಡೆ ಬಂದೆ ಅಂತ" ಎಂದಳು. ಎಲ್ಲರೂ ನಕ್ಕರು. ಮಿಲಿಂದನೂ. ನಾನೂ ನಕ್ಕೆ. — ನಕ್ಕೆ.

ಇಲ್ಲಿಗೆ ಮುಗಿದಿದ್ದರೆ ನಾನು ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಅಂಥ ಹೆಂಗಸು ನಾನು, ತಿಳಿದಿರಲಿ.

ಹೋದ ವರ್ಷ ಅವನ ಫೋನ್ ಬಂತು.

"ಮೇಡಂ, ನಾ ಮಿಲಿಂದ ಮಾತಾಡಾಕತ್ತೇನ್ರಿ. ಅವ್ವಗ ಮರವು ಶುರು ಆಗೈತ್ರಿ. ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ದೇಶಪಾಂಡೆ ನಗರದಾಗ ಡಾಕ್ಟರಿಗೆ ತೋರಸ್ದೆ. ಗುಳಿಗಿ ಕೊಟ್ಟಾರ್ರಿ. ಹೋದ ನೆನಪು ತಿರುಗಿ ಬರೂದಿಲ್ಲ, ಅಕಿನ್ನ ಸಮಾಧಾನದಿಂದ ಇಟ್ಕೋರ್ರಿ ಅಷ್ಟ, ಅಂದ್ರು." ಆಮೇಲೆ ಹೇಳಿದ, "ಅವರಿಗೆ ನಿಮ್ಮ ಕೆಲಸ ಗೊತ್ತಿರಲಿಕ್ಕಿಲ್ಲಲ್ರಿ? ಹೋದದ್ದು ಬರತೈತಿ ಅಂತ ನೀವು ತೋರ್ಸೀರಿ."

"ಇಲಿ ಬ್ಯಾರೆ, ಮನುಷ್ಯಾರು ಬ್ಯಾರೆ, ಮಿಲಿಂದ" ಅಂದೆ.

"ಹೌದ್ರಿ. ಆದ್ರೂ ಮಾಡಿ ನೋಡಿದ್ರ ತಪ್ಪಿಲ್ಲಲ್ರಿ?"

"ತಪ್ಪಿಲ್ಲ," ಅಂದೆ.

ಎರಡು ತಿಂಗಳ ಮೇಲೆ ಅವನ ಮನೆಗೆ ಹೋದೆ. ಲಕಮನಹಳ್ಳಿಯಲ್ಲಿ ಅಕ್ಕೋರು ತಮ್ಮ ಸಂಬಳದಲ್ಲಿ ಕಟ್ಟಿಸಿದ ಪುಟ್ಟ ಮನೆ. ನಡುಮನೆಯನ್ನು ಅವನು ಶಾಲೆ ಮಾಡಿಬಿಟ್ಟಿದ್ದ. ಗೋಡೆಗೆ ಕರಿಹಲಗೆ, ನಕಾಶೆ, ಹಳೆಯ ವರ್ಷಗಳ ಶಾಲಾ ಫೋಟೋಗಳು. ಅಕ್ಕೋರ ಹಳೆಯ ವಿದ್ಯಾರ್ಥಿಗಳು, ಜೊತೆಗೆ ಕೆಲಸ ಮಾಡಿದವರು ಸರದಿಯಂತೆ ಬಂದುಹೋಗುತ್ತಿದ್ದರು. ನನ್ನ ದೊಡ್ಡ ಪಂಜರ. ಅದನ್ನೇ ಅವನು ತಾಯಿಗಾಗಿ ಕಟ್ಟಿದ್ದ — ಎಂಥ ಪ್ರೀತಿಯಿಂದ, ಎಂಥ ಅಚ್ಚುಕಟ್ಟಿನಿಂದ. ಸಂಜೆಯ ಬ್ಯಾಚುಗಳನ್ನು ಬಿಟ್ಟುಬಿಟ್ಟಿದ್ದ.

ಜನ ಬಂದುಹೋಗುವುದರಿಂದ ಅಕ್ಕೋರಿಗೆ ಕೆಡುಕೇನೂ ಆಗುತ್ತಿರಲಿಲ್ಲ, ಖುಷಿಯೇ ಆಗುತ್ತಿತ್ತಂತೆ. ಕೆಡುಕಾದದ್ದು ಪರೀಕ್ಷೆಯಿಂದ. ಕಳೆದದ್ದು ಬರುತ್ತಿದೆಯೋ ಇಲ್ಲವೋ ನೋಡಬೇಕಲ್ಲ. ಅವನು ದಿನವೂ ಕೇಳುತ್ತಿದ್ದ. ನನ್ನೆದುರಿಗೇ ಒಂದು ಫೋಟೋ ಹಿಡಿದು ಕೇಳಿದ, "ಅವ್ವಾ, ಇವರು ಯಾರು ಹೇಳು." ಅಕ್ಕೋರು ನೋಡಿದರು. ತುಟಿ ಅಲುಗಿತು. "ಅವಸರ ಇಲ್ಲ, ಇನ್ನೊಮ್ಮೆ ನೋಡು." ಗದರುವ ದನಿಯಲ್ಲ, ಬಹಳ ತಾಳ್ಮೆಯ ದನಿ. ಜೀವನವಿಡೀ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ಹೆಂಗಸು ಅಲ್ಲಿ ಉತ್ತರ ಬಾರದ ಮಗುವಿನಂತೆ ಸೆರಗಿನ ಅಂಚು ತಿರುಚುತ್ತ ಕೂತಿದ್ದರು. ಒಮ್ಮೆ ನನ್ನ ಕಡೆ ನೋಡಿದರು — ಪಕ್ಕದವಳು ಮೆಲ್ಲಗೆ ಉತ್ತರ ಹೇಳಿಕೊಟ್ಟಾಳೇನೋ ಎಂಬಂತೆ.

ಹೇಳಿಕೊಡಲಿಲ್ಲ. ಅಂದೇ, ಅಲ್ಲೇ ಹೇಳಬಹುದಿತ್ತು. ನಿಲ್ಲಿಸು ಮಿಲಿಂದ, ಅದು ಬರುವುದಿಲ್ಲ, ಬರುತ್ತದೆಂದು ನಾನು ಬರೆದದ್ದು ಸುಳ್ಳು — ಇಷ್ಟು. ಗೇಟಿನವರೆಗೆ ಕಳಿಸಲು ಬಂದವನು ಕೇಳಿದ, "ಬರತೈತಿ ಅಲ್ಲೇನ್ರಿ ಮೇಡಂ?"

"ಇನ್ನೂ ಸ್ವಲ್ಪ ದಿನ ನೋಡು," ಅಂದೆ.

ಮೊದಲಿನ ಸುಳ್ಳುಗಳಿಗೆ ಏನಾದರೊಂದು ಹೆಸರು ಕೊಡಬಹುದು. ಹೆದರಿಕೆ, ಆಸೆ, ಚಿಕ್ಕ ವಯಸ್ಸು. ಈ ಕೊನೆಯದಕ್ಕೆ ಏನೆನ್ನಲಿ? ನನಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಒಂದು ಸಂಖ್ಯೆ, ಅಷ್ಟೇ. ಅದಕ್ಕಾಗಿ ಒಬ್ಬ ತಾಯಿಗೆ ಮಗನ ಮುಖ ಇನ್ನೂ ಗುರುತಿದ್ದ ಕಡೆಯ ತಿಂಗಳುಗಳನ್ನು ಪರೀಕ್ಷೆಯಲ್ಲಿ ಕಳೆಯುವಂತೆ ಮಾಡಿದೆ. ಅವರು ಸುಮ್ಮನೆ ಜೊತೆಗೆ ಕೂತು ಊಟ ಮಾಡಬಹುದಾಗಿದ್ದ ಸಂಜೆಗಳು ಅವು.

ಈ ವರ್ಷದ ಬೇಸಿಗೆಯಲ್ಲಿ ರೇಖಾ ಫೋನ್ ಮಾಡಿದಳು. ಅಳುತ್ತಿದ್ದಳು. "ಮೇಡಂ, ನೀವರ ಇವರಿಗೆ ತಿಳಿಸಿ ಹೇಳ್ರಿ. ಇವರ ಗಾಡಿ ಸಪ್ಪಳ ಕೇಳಿದ್ರ ಸಾಕು, ಅತ್ತಿ ಬಚ್ಚಲಮನ್ಯಾಗ ಹೋಗಿ ಬಾಗಲಾ ಹಾಕ್ಕೋತಾರ್ರಿ. ಯಾರೋ ಪ್ರಶ್ನೆ ಕೇಳಾಂವ ಬಂದ ಅಂತಾರ. ಮಗ ಅಂತ ಗುರುತೇ ಉಳದಿಲ್ರಿ."

ಅಂದು ಸಂಜೆಯೇ ಹೋದೆ. ಮಿಲಿಂದ ಒಳಗೆ ಹೋಗದೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಲು ಹೋದ. ಬೇಡವೆಂದು ನಾನೇ ಪಕ್ಕದಲ್ಲಿ ಕೂತೆ. ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಅಂದ:

"ಆಗ ಇಲಿ ಅಂಜತಿದ್ವು. ಈಗ ಅವ್ವ ಅಂಜತಾಳ್ರಿ. ಏನೈತ್ರಿ ಮೇಡಂ ಈ ಕೈಯಾಗ?"

ಆಗ ಹೇಳಿದೆ. ಎಲ್ಲವನ್ನೂ. ಸೋಂಕು, ಒದ್ದೆ ಹತ್ತಿ, ಗೈಡ್ ಬಂದ ಬೆಳಗು, ಅವನು ಕೇಳಿದ ಪ್ರಶ್ನೆ, ಆ ಪ್ರಶ್ನೆಗೆ ಸರಿಯಾದ ಉತ್ತರ. ನಿನ್ನ ಕೈಯಂಥ ಕೈ ನಾನು ಮತ್ತೆ ನೋಡಲಿಲ್ಲ ಎಂದೂ ಹೇಳಿದೆ. ಅಳಬಾರದೆಂದು ನಿಶ್ಚಯಿಸಿದ್ದೆ, ಅತ್ತರೆ ಅವನು ನನ್ನನ್ನು ಸಮಾಧಾನ ಮಾಡಲು ಬರುತ್ತಾನೆಂದು ಗೊತ್ತಿತ್ತು. ಅಳಲಿಲ್ಲ.

ಅವನು ರಸ್ತೆಯ ಕಡೆ ತಿರುಗಿದ.

"ಮೂರು ಸಲ ಮಾಡಿದ್ನಿ," ಅಂದ. "ಮೂರೂ ಸಲ ಖರೇನ ಬಂದಿತ್ತಲ್ರಿ ಹಂಗಾದ್ರ."

"ಹೌದು."

"ನಂದು ಹೋಗ್ಲಿ ಬಿಡ್ರಿ. ನಂದೇನೋ ಆಗಿ ಹೋತು." ಅವನ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. "ಹೋದ ವರ್ಷ ಅವ್ವನ ಸಲುವಾಗಿ ಕೇಳಿದ್ನಲ್ರಿ ಮೇಡಂ. ಫೋನ್ ಮಾಡಿ ಕೇಳಿದ್ನಿ. ಇಲ್ಲೇ ಗೇಟಿನ ಕಡೆ ನಿಂತು ಕೇಳಿದ್ನಿ. ಆಗರ ಹೇಳಬೇಕಿತ್ತಲ್ರಿ. ದಿನಾ ಅಕಿನ್ನ ಕೂಡಿಸಿ ಕೇಳ್ತಿದ್ನಿ — ದಿನಾ —"

ಮಾತು ಮುಗಿಸಲಿಲ್ಲ.

ಆಮೇಲೆ ಆದದ್ದನ್ನು ಇಲ್ಲೇ ಬರೆದುಬಿಡುತ್ತೇನೆ. ಮರುದಿನವೇ ಪ್ರಬಂಧ ಪ್ರಕಟಿಸಿದ ಪತ್ರಿಕೆಗೆ ಎಲ್ಲವನ್ನೂ ತಿಳಿಸಿ, ಅದನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಿಕೊಂಡೆ. ವಿಚಾರಣೆ ನಡೆಯಿತು, ಹಿಂತೆಗೆದುಕೊಂಡರು. ಪ್ರಶಸ್ತಿಗಳನ್ನು ಮರಳಿಸಿದೆ. ಜೊತೆಯಲ್ಲಿ ಕೆಲಸ ಮಾಡಿದ ಕೆಲವರು ಮಾತು ಬಿಟ್ಟರು, ಕೆಲವರು ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ ಬೇಕಿತ್ತು ಎಂದರು. ಪ್ರಬಂಧದ ನೆತ್ತಿಯ ಮೇಲೆ ಈಗ ಅದು ರದ್ದಾಗಿದೆ ಎಂಬ ಗುರುತಿದೆ. ಆದ್ದರಿಂದ ಉಲ್ಲೇಖಗಳು ನಿಂತವೆಂದುಕೊಂಡೀರಿ. ನಿಂತಿಲ್ಲ. ಗುರುತು ನೋಡದೆ ಈಗಲೂ ಯಾರೋ ಎಲ್ಲೋ ಅದನ್ನು ಹೆಸರಿಸುತ್ತಿದ್ದಾರೆ. ಸಿಕ್ಕವರಿಗೆಲ್ಲ ಬರೆಯುತ್ತಿದ್ದೇನೆ — ದಯವಿಟ್ಟು ತೆಗೆಯಿರಿ, ಅದು ಸುಳ್ಳು, ನಾನೇ ಅದನ್ನು ಬರೆದವಳು ಎಂದು. ನನಗೆ ಉಳಿದ ಕೆಲಸ ಅದು. ಇರುವಷ್ಟು ದಿನ ಮಾಡುತ್ತೇನೆ. ಮಿಲಿಂದ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಗೋಡೆಯ ಕರಿಹಲಗೆ ತೆಗೆದುಬಿಟ್ಟನೆಂದು, ತಾಯಿಯನ್ನು ಏನೂ ಕೇಳುವುದಿಲ್ಲವೆಂದು, ಸುಮ್ಮನೆ ಹತ್ತಿರ ಕೂಡುತ್ತಾನೆಂದು ರೇಖಾ ಹೇಳಿದಳು. ಅಕ್ಕೋರು ಅವನನ್ನು ಕಂಡು ಈಗ ಬಚ್ಚಲಮನೆಗೆ ಓಡುವುದಿಲ್ಲವಂತೆ. ಆದರೆ ಅವನು ಯಾರೆಂದು ಗೊತ್ತಿಲ್ಲ.

ಇನ್ನು, ಎಲ್ಲ ಹೇಳಿದ ಆ ಸಂಜೆ ಉಳಿದದ್ದು. ಮೆಟ್ಟಿಲಿನಿಂದ ಅವನು ಎದ್ದು ನಿಂತ. ಹೋಗಿ ಎನ್ನುತ್ತಾನೆ ಎಂದುಕೊಂಡೆ.

"ಒಳಗ ಬರ್ರಿ," ಅಂದ. "ನನಗ ಹೇಳಿದ್ದನ್ನ ಅವ್ವಗ ಹೇಳ್ರಿ. ನಾ ಸೋತು ಬಂದೇನಿ ಅಂತನ ತಿಳ್ಕೊಂಡು ಅಕಿ ಇಷ್ಟು ವರ್ಷ ಕಳದಾಳ. ಒಂದ ದಿನ ಬಾಯಿಬಿಟ್ಟು ಅನ್ನಲಿಲ್ಲ. ತಿಳೀಲಿ, ಬಿಡಲಿ — ಹೇಳ್ರಿ."

ಅಕ್ಕೋರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ತಲೆ ಬಾಚಿ ಅಚ್ಚುಕಟ್ಟಾಗಿ ಕೂಡಿಸಿದ್ದಳು ರೇಖಾ. ನಾನು ಅವರ ಮುಂದೆ ಚಾಪೆಯ ಮೇಲೆ ಕೂತೆ. ಮಿಲಿಂದ ಬಾಗಿಲಲ್ಲೇ ನಿಂತ, ತಾಯಿಗೆ ಕಾಣದ ಹಾಗೆ.

"ಅಕ್ಕೋರ, ನಿಮ್ಮ ಮಗನ ವಿಷಯ ಹೇಳಲಿಕ್ಕೆ ಬಂದೀನ್ರಿ," ಅಂದೆ.

"ನನ್ನ ಮಗ ಸಾಲಿಗೆ ಹೋಗ್ಯಾನ," ಅಂದರು. "ಬರೂ ಹೊತ್ತಾತು."

ನಾನು ಹೇಳತೊಡಗಿದೆ. ನನ್ನ ಹತ್ತಿರ ಒಬ್ಬ ಹುಡುಗ ಕಲಿಯಲು ಬಂದಿದ್ದ, ಬಹಳ ಶಾಣ್ಯಾ ಹುಡುಗ, ಅವನ ಕೈಯಲ್ಲಿ ಇಲಿಗಳು ನಿದ್ದೆ ಹೋಗುತ್ತಿದ್ದವು. ಅವನು ಖರೇ ಕಂಡುಹಿಡಿದಿದ್ದ. ತಪ್ಪು ನನ್ನದಿತ್ತು. ಅದನ್ನು ಮುಚ್ಚಿಕೊಳ್ಳಲು ನಿನ್ನ ಕೈಯೇ ಸರಿಯಿಲ್ಲವೆಂದು ಅವನಿಗೆ ಹೇಳಿ, ಕಲಿಯುವುದನ್ನು ಬಿಡಿಸಿದೆ. ಅವನು ಸೋತಿರಲಿಲ್ಲ, ಅಕ್ಕೋರ. ಅವನು ಎಲ್ಲಿಯೂ ತಪ್ಪಿರಲಿಲ್ಲ. ನಾನು ಸುಳ್ಳು ಹೇಳಿದೆ.

ಅಕ್ಕೋರು ಗಮನವಿಟ್ಟು ಕೇಳಿದರು. ತರಗತಿಯಲ್ಲಿ ಮಗುವೊಂದು ತನ್ನ ತಪ್ಪು ಒಪ್ಪಿಕೊಳ್ಳುವಾಗ ಕೇಳುವ ಹಾಗೆ, ನಡುವೆ ಮಾತಾಡದೆ, ಕಣ್ಣು ಕದಲಿಸದೆ. ನಾನು ಮುಗಿಸಿದ ಮೇಲೆ ಅವರ ಕಣ್ಣು ತುಂಬಿದವು. ಮುಂದೆ ಬಾಗಿ ನನ್ನ ಮೊಣಕೈ ಹಿಡಿದುಕೊಂಡರು.

"ಆ ಹುಡುಗಗ ಅವ್ವ ಇದ್ದಾಳೇನ್ರಿ?"

"ಇದ್ದಾರ್ರಿ."

"ಹಂಗಾದ್ರ ಮೊದಲ ಹೋಗಿ ಅಕಿಗೆ ಹೇಳ್ರಿ ಇದನ್ನ," ಅಂದರು. "ಪಾಪ, ಅಕಿ ಎಷ್ಟು ನೊಂದಾಳೋ ಏನೋ."

ಬಾಗಿಲಲ್ಲಿ ಮಿಲಿಂದ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಹೇಳ್ತೀನ್ರಿ, ಅಂದೆ.